ಎರಡು ಕಿವಿಗೂ ಒಂದೇ ಸೇವ್‌ಪಾಯಿಂಟ್

ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಸರಸ್ವತಿಪುರಂನ ಆ ಶ್ರವಣ ಕೇಂದ್ರದ ಮೆಟ್ಟಿಲು ಹತ್ತುವಾಗ ನನ್ನ ಲೆಕ್ಕಾಚಾರ ಸರಳವಾಗಿತ್ತು. ಹಳೆಯ ಕಂಪ್ಯೂಟರಿನಲ್ಲಿರುವ ಮಕ್ಕಳ ದಾಖಲೆಗಳನ್ನು ಹೊಸ ಡೇಟಾಬೇಸಿಗೆ ಸಾಗಿಸುವುದು, ಸಂಜೆಯೊಳಗೆ ರಾಮಕೃಷ್ಣನಗರದ ಮನೆ ಸೇರಿ ವಾರದ ಬಟ್ಟೆಗೆಲ್ಲ ಇಸ್ತ್ರಿ ಹಾಕುವುದು. ಕೆಲಸ ಮುಗಿದದ್ದು ಭಾನುವಾರ ಮಧ್ಯಾಹ್ನ. ಇಸ್ತ್ರಿ ಯಾವಾಗ ಹಾಕಿದೆನೋ ನೆನಪಿಲ್ಲ.

ಕೇಂದ್ರ ಚಿಕ್ಕದು, ಒಂದು ಟ್ರಸ್ಟಿನದು. ಹುಟ್ಟಿನಿಂದಲೋ ಕಾಯಿಲೆಯಿಂದಲೋ ಕಿವಿ ಮಂದವಾದ ಮಕ್ಕಳನ್ನು ಪರೀಕ್ಷಿಸಿ ಅವರಿಗೆ ಶ್ರವಣಯಂತ್ರ ಹಾಕಿಕೊಡುವುದು ಅಲ್ಲಿನ ಕೆಲಸ. ಆ ನಾಲ್ಕು ದಿನ ನನ್ನ ಒಡನಾಟವಿದ್ದದ್ದು ಇಬ್ಬರ ಜೊತೆ. ಒಬ್ಬರು ಶ್ರವಣ ತಜ್ಞೆ: ನನ್ನದೇ ವಯಸ್ಸು, ಮಾತು ಕಡಿಮೆ, ಕಣ್ಣು ಬಹಳ ಚುರುಕು. ಇನ್ನೊಬ್ಬರು ದಾಖಲೆ ಕೋಣೆಯ ಗುಮಾಸ್ತರು. ಕುಂಬಾರಕೊಪ್ಪಲಿನಿಂದ ಹಳೇ ಸ್ಕೂಟರಿನಲ್ಲಿ ಬರುತ್ತಿದ್ದ ಅವರಿಗೆ ನಿವೃತ್ತಿ ಹತ್ತಿರವಾಗಿತ್ತು. ನಾನು ಹೋದಾಗ ಹಳೆಯ ಕಂಪ್ಯೂಟರಿನ ಮುಂದೆ ಇಬ್ಬರೂ ನಿಂತಿದ್ದರು. ಪರದೆ ಕಪ್ಪಾಗಿತ್ತು.

"ಬನ್ನಿ ಬನ್ನಿ," ಎಂದರು ಗುಮಾಸ್ತರು. "ಇವತ್ತು ಇದಕ್ಕೆ ಮನಸ್ಸಿಲ್ಲ ಕಣಮ್ಮ. ಎರಡು ಸಲ ಒತ್ತುದ್ರೆ ಏಳಲ್ಲ, ಮೂರನೇ ಸಲ ಒತ್ತುದ್ರೆ ಏಳ್ತದೆ. ಅದೂ ಇದರ ಇಷ್ಟ."

ಮೂರನೇ ಸಲ ಒತ್ತಿದಾಗ ಅದು ಎದ್ದಿತು. ಅದು ಮತ್ತೆ ಮಲಗುವ ಮೊದಲೇ ಎಲ್ಲವನ್ನೂ ಪೆನ್‌ಡ್ರೈವಿಗೆ ಇಳಿಸಿಕೊಂಡೆ.

ಅವಸರಕ್ಕೆ ಕಾರಣವಿತ್ತು. ಸೋಮವಾರ ಕೇಂದ್ರದಲ್ಲಿ ಶಿಬಿರ. ಶ್ರವಣಯಂತ್ರಗಳನ್ನು ಹೊಂದಿಸಿಕೊಡುವ ತಂತ್ರಜ್ಞರು ಬೇರೆ ಊರಿನಿಂದ ಒಂದೇ ಒಂದು ದಿನಕ್ಕೆ ಬರುವವರಿದ್ದರು. ಅರವತ್ತು ಮಕ್ಕಳಿಗೆ ಬರಹೇಳಿದ್ದರು. ಪ್ರತಿ ಮಗುವಿನ ಕೈಯಲ್ಲೂ ಒಂದು ಚೀಟಿ ಇರಬೇಕು. ಬಲಗಿವಿಗೆ ಯಾವ ಬಗೆಯ ಶಬ್ದ ಎಷ್ಟು ಜೋರಾದರೆ ಕೇಳುತ್ತದೆ, ಎಡಗಿವಿಗೆ ಎಷ್ಟು, ಯಾವ ಕಿವಿಗೆ ಯಾವ ಸಂಖ್ಯೆಯ ಯಂತ್ರ ಇದೆ, ಎಲ್ಲವೂ ಆ ಚೀಟಿಯಲ್ಲಿರುತ್ತದೆ. ತಂತ್ರಜ್ಞರು ಅದನ್ನು ನೋಡಿಕೊಂಡು ಯಂತ್ರ ತಿದ್ದುತ್ತಾರೆ. ಚೀಟಿ ಅಚ್ಚಾಗಬೇಕಾದದ್ದು ಹೊಸ ಡೇಟಾಬೇಸಿನಿಂದ.

ಹಳೆಯ ದಾಖಲೆಯಲ್ಲಿ ಎರಡು ಪಟ್ಟಿಗಳಿದ್ದವು. ಒಂದು ಮಕ್ಕಳದ್ದು: ಹೆಸರು, ಹುಟ್ಟಿದ ದಿನ, ವಿಳಾಸ. ಇನ್ನೊಂದು ಕಿವಿಗಳದ್ದು: ಒಂದು ಕಿವಿಗೆ ಒಂದು ಸಾಲು. ನಾಲ್ಕು ಸಾವಿರದಷ್ಟು ಮಕ್ಕಳು, ಹತ್ತಿರ ಹತ್ತಿರ ಎಂಟು ಸಾವಿರ ಕಿವಿಗಳು.

ಇವನ್ನು ಹೊಸದಕ್ಕೆ ತುಂಬುವ ಪ್ರೋಗ್ರಾಮನ್ನು ನಾನು ಬರೆದುಕೊಂಡೇ ಹೋಗಿದ್ದೆ. ಇಡೀ ಕೆಲಸವನ್ನು ಒಂದೇ ಟ್ರಾನ್ಸಾಕ್ಷನ್ ಒಳಗೆ ಇಟ್ಟಿದ್ದೆ. ಟ್ರಾನ್ಸಾಕ್ಷನ್ ಎಂದರೆ ಡೇಟಾಬೇಸಿನ ಜೊತೆ ಮಾಡಿಕೊಳ್ಳುವ ಒಂದು ಒಪ್ಪಂದ. ಶುರು ಎಂದು ಹೇಳಿ ಎಷ್ಟು ಬೇಕಾದರೂ ಸಾಲುಗಳನ್ನು ಸೇರಿಸುತ್ತ ಹೋಗಬಹುದು. ಕೊನೆಯಲ್ಲಿ ಕಮಿಟ್ ಎಂದರೆ ಅಷ್ಟೂ ಒಂದೇ ಏಟಿಗೆ ಉಳಿಯುತ್ತವೆ. ರೋಲ್‌ಬ್ಯಾಕ್ ಎಂದರೆ ಅಷ್ಟೂ ಹೋಗುತ್ತವೆ, ಏನೂ ನಡೆದೇ ಇಲ್ಲವೆಂಬಂತೆ. ನನಗೆ ಅದೇ ಬೇಕಿತ್ತು. ಆ ವಾರದಿಂದ ಕೌಂಟರಿನಲ್ಲಿ ಹೊಸ ವ್ಯವಸ್ಥೆಯ ಬಳಕೆ ಶುರುವಾಗಿತ್ತು. ಹಳೆಯ ಮಕ್ಕಳು ಅರ್ಧ ಬಂದು ಅರ್ಧ ಬಾರದೆ ನಿಂತುಬಿಟ್ಟರೆ, ಕೌಂಟರಿನವರು ಕಾಣದ ಮಗುವಿಗೆ ಹೊಸ ನಂಬರ್ ಕೊಟ್ಟು ಕೂರುತ್ತಾರೆ. ಆಮೇಲೆ ಒಂದೇ ಮಗುವಿಗೆ ಎರಡು ನಂಬರ್. ಹಾಗಾಗಿ, ಬಂದರೆ ಎಲ್ಲರೂ ಒಟ್ಟಿಗೆ ಬರಲಿ ಎಂದುಕೊಂಡಿದ್ದೆ.

ನಿಜವಾದ ಡೇಟಾಬೇಸ್ ಮುಟ್ಟುವ ಮೊದಲು ಅದರ ಒಂದು ನಕಲು ಮಾಡಿಕೊಂಡು ಪ್ರೋಗ್ರಾಮ್ ಓಡಿಸಿದೆ. ಕಾಲು ಗಂಟೆ ಚೆನ್ನಾಗಿ ಓಡಿ ನಿಂತಿತು. ಯಾರೋ "ಎಡ" ಎಂದು ಇರಬೇಕಾದ ಕಡೆ "ಎಡಗಡೆ" ಎಂದು ಟೈಪಿಸಿದ್ದರು. ಹೊಸ ಡೇಟಾಬೇಸಿಗೆ ನಾನು ಹೇಳಿಕೊಟ್ಟದ್ದು ಎಡ, ಬಲ ಎರಡೇ ಪದ. ಮೂರನೆಯದನ್ನು ಅದು ಒಪ್ಪಲಿಲ್ಲ.

ಆ ಒಂದು ಸಾಲನ್ನು ಮಾತ್ರ ಬಿಟ್ಟು ಮುಂದೆ ಹೋಗಿದ್ದರೆ ಪರವಾಗಿರಲಿಲ್ಲ. ನಾವು ಬಳಸುವ ಡೇಟಾಬೇಸಿನ ಸ್ವಭಾವ ಹಾಗಲ್ಲ. ಟ್ರಾನ್ಸಾಕ್ಷನ್ ನಡುವೆ ಒಂದು ತಪ್ಪಾಯಿತೆಂದರೆ ಇಡೀ ಟ್ರಾನ್ಸಾಕ್ಷನ್ ಕೆಟ್ಟಿತು ಎಂದು ಅದು ತೀರ್ಮಾನಿಸುತ್ತದೆ. ಆಮೇಲೆ ಎಷ್ಟೇ ಸರಿಯಾದ ಸಾಲು ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ರೋಲ್‌ಬ್ಯಾಕ್ ಮಾಡಿ ಮೊದಲಿನಿಂದ ಬಾ ಎನ್ನುತ್ತದೆ.

"ಎಡಗಡೆ"ಯನ್ನು ತಿದ್ದಿ ಮತ್ತೆ ಓಡಿಸಿದೆ. ಮೂವತ್ತು ದಿನದ ತಿಂಗಳಿನಲ್ಲಿ ಮೂವತ್ತೊಂದನೇ ತಾರೀಖು ಹುಟ್ಟಿದ್ದ ಮಗುವೊಂದು ಸಿಕ್ಕಿತು. ತಿದ್ದಿದೆ. ಮುಂದಿನ ಸಲ ಹುಟ್ಟಿದ ದಿನದ ಜಾಗದಲ್ಲಿ "ಯುಗಾದಿ ಮಾರನೇ ದಿನ" ಎಂದು ಬರೆದಿದ್ದ ಸಾಲು. ಇಂಥವನ್ನು ಮೊದಲೇ ಹಿಡಿಯಲು ಒಂದಷ್ಟು ತಪಾಸಣೆ ಬರೆದೆ. ಬರೆದ ತಪಾಸಣೆಗೆ ಸಿಗದ ಹೊಸ ಬಗೆಯ ತಪ್ಪು ಎದುರಾಯಿತು. ಸಂಜೆಯೊಳಗೆ ಏಳು ಸಲ ಓಡಿಸಿದೆ, ಏಳು ಸಲವೂ ನಾಲ್ಕು ಸಾವಿರ ಮಕ್ಕಳು ಬಂದ ದಾರಿಗೆ ಸುಂಕವಿಲ್ಲದೆ ವಾಪಸ್ಸಾದರು.

ಗುಮಾಸ್ತರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. "ಒಬ್ಬ ತಪ್ಪು ಮಾಡುದ್ರೆ ಕ್ಲಾಸಿಗೆಲ್ಲಾ ಏಟಾ?" ಎಂದರು. "ನಮ್ ಪಿಟಿ ಮೇಷ್ಟ್ರು ಇಂಗೇ ಇದ್ರು ಕಣಮ್ಮ."

ಶುಕ್ರವಾರ ಸೇವ್‌ಪಾಯಿಂಟ್ ಹಾಕಲು ನಿರ್ಧರಿಸಿಕೊಂಡೇ ಹೋದೆ. ಟ್ರಾನ್ಸಾಕ್ಷನ್ ನಡುವೆ ಇಡುವ ಗುರುತು ಅದು. ಗುರುತು ಇಟ್ಟು ಮುಂದಕ್ಕೆ ಹೋಗಿ, ಏನಾದರೂ ಎಡವಟ್ಟಾದರೆ ಆ ಗುರುತಿನವರೆಗೆ ಮಾತ್ರ ಹಿಂದಕ್ಕೆ ಬರಬಹುದು. ಅದಕ್ಕೆ ಮುಂಚೆ ಮಾಡಿದ ಕೆಲಸ ಹಾಗೇ ಇರುತ್ತದೆ. ಕೆಟ್ಟಿದ್ದ ಟ್ರಾನ್ಸಾಕ್ಷನ್ ಮತ್ತೆ ಮಾತು ಕೇಳಲು ಶುರುಮಾಡುತ್ತದೆ. ಪ್ರತಿ ಸಾಲಿಗೂ ಮುಂಚೆ ಒಂದು ಸೇವ್‌ಪಾಯಿಂಟ್ ಇಟ್ಟೆ. ಸಾಲು ಸೇರಿದರೆ ಸರಿ, ಸೇರದಿದ್ದರೆ ಗುರುತಿಗೆ ಹಿಂದಿರುಗಿ, ಆ ಸಾಲನ್ನು ಒಂದು ಫೈಲಿಗೆ ಬರೆದಿಟ್ಟು ಮುಂದಿನ ಸಾಲಿಗೆ ಹೋಗು. ತೆವಳಿಕೊಂಡಾದರೂ ಮಧ್ಯಾಹ್ನದ ಹೊತ್ತಿಗೆ ನಕಲಿನ ಮೇಲೆ ಪ್ರೋಗ್ರಾಮ್ ಮೊದಲ ಸಲ ತುದಿ ಮುಟ್ಟಿತು. ತೊಂಬತ್ತಮೂರು ಸಾಲುಗಳು ಫೈಲಿನಲ್ಲಿ, ಉಳಿದದ್ದೆಲ್ಲ ಡೇಟಾಬೇಸಿನಲ್ಲಿ.

ನನಗೆ ಹಿಗ್ಗೋ ಹಿಗ್ಗು. ಎದುರಿನ ಹೋಟೆಲಿನಲ್ಲಿ ಸೆಟ್ ದೋಸೆ ತಿಂದು, ಗುಮಾಸ್ತರಿಗೂ ಒಂದು ಪೊಟ್ಟಣ ಕಟ್ಟಿಸಿಕೊಂಡು ಬಂದೆ. ತೊಂಬತ್ತಮೂರನ್ನು ಕೈಯಲ್ಲಿ ತಿದ್ದಿದರಾಯಿತು, ಶನಿವಾರ ರಜೆ ಎಂದುಕೊಂಡೆ.

ಅಷ್ಟರಲ್ಲಿ ಶ್ರವಣ ತಜ್ಞೆ ಬಂದು, ಶಿಬಿರದ ಮಕ್ಕಳ ಚೀಟಿ ಒಂದು ಹತ್ತು ಅಚ್ಚು ಹಾಕಿ ಕೊಡಿ, ನೋಡ್ತೀನಿ ಎಂದರು. ಕೊಟ್ಟೆ. ಅವರು ನಿಂತುಕೊಂಡೇ ಒಂದೊಂದನ್ನೂ ನೋಡುತ್ತ ಹೋದರು. ಆರನೆಯದರಲ್ಲಿ ನಿಂತರು.

"ಈ ಮಗೂಗೆ ಎಡಗಿವಿ ಎಲ್ಲಿ?"

ಏಳು ವರ್ಷದ ಹುಡುಗಿ. ಬಲಗಿವಿಯ ಕಾಲಮ್ಮು ತುಂಬಿತ್ತು. ಎಡಗಿವಿಯದು ಖಾಲಿ.

"ಆ ಸಾಲು ಬೇರೆ ಫೈಲಿನಲ್ಲಿ ಇರುತ್ತೆ ಮೇಡಂ," ಎಂದೆ. "ಏನೋ ತಪ್ಪಿದ್ದಿದ್ದಕ್ಕೆ ಡೇಟಾಬೇಸ್ ತೆಗೆದುಕೊಂಡಿಲ್ಲ. ಆಮೇಲೆ ತಿದ್ದಿ ಸೇರಿಸ್ತೀನಿ."

"ಅದು ಈ ಚೀಟೀಲಿ ಎಲ್ಲಿ ಗೊತ್ತಾಗುತ್ತೆ?"

ನಾನು ಚೀಟಿ ನೋಡಿದೆ. ಎಲ್ಲಿಯೂ ಗೊತ್ತಾಗುತ್ತಿರಲಿಲ್ಲ.

"ನಮ್ಮಲ್ಲಿ ಒಂದೇ ಕಿವಿಗೆ ಯಂತ್ರ ಹಾಕ್ಕೊಂಡಿರೋ ಮಕ್ಕಳೂ ಇದ್ದಾರೆ," ಎಂದರು ಅವರು. ದನಿ ಏರಿಸಲಿಲ್ಲ. "ಅವರ ಚೀಟೀಲೂ ಇನ್ನೊಂದು ಕಡೆ ಖಾಲಿಯೇ ಇರುತ್ತೆ. ಸೋಮವಾರ ಬರೋರು ಈ ಮಗೂನ ಮುಂಚೆ ನೋಡಿಲ್ಲ. ಇದಕ್ಕೂ ಬಲಗಿವಿಗೆ ಮಾತ್ರ ಅಂದ್ಕೊಂಡು ಅದೊಂದನ್ನ ತಿದ್ದಿ ಕಳಿಸ್ತಾರೆ. ಆದರೆ ಇವಳು ಮಾತು ಕಲೀತಿರೋದೇ ಎಡಗಿವಿಯಿಂದ. ಬಲಗಿವೀಲಿ ಬರೀ ಡೋಲಿನ ಸದ್ದು ಕೇಳುತ್ತೆ, ಅಷ್ಟೇ."

ದೋಸೆಯ ಹಿಗ್ಗು ಅಲ್ಲಿಗೆ ಇಳಿಯಿತು. ನನ್ನ ಪ್ರೋಗ್ರಾಮ್ ಎಲ್ಲೂ ಸುಳ್ಳು ಹೇಳಿರಲಿಲ್ಲ. ಬಿಟ್ಟ ಸಾಲುಗಳನ್ನು ಪ್ರಾಮಾಣಿಕವಾಗಿ ಫೈಲಿನಲ್ಲಿ ಇಟ್ಟಿತ್ತು. ಆದರೆ ಆ ಫೈಲ್ ನೋಡುವವಳು ನಾನು ಒಬ್ಬಳೇ. ಡೇಟಾಬೇಸಿನ ಕಡೆಯಿಂದ ನೋಡುವವರಿಗೆ ಆ ಹುಡುಗಿಯ ದಾಖಲೆ ಪೂರ್ತಿಯಾಗಿಯೇ ಕಾಣುತ್ತಿತ್ತು. ಹಿಂದಿನ ದಿನ ಏಳು ಸಲ ನಿಂತು ಕಾಟ ಕೊಟ್ಟ ಪ್ರೋಗ್ರಾಮೇ ವಾಸಿ. ಅದು ಕನಿಷ್ಠ ಯಾರ ಕಿವಿಯನ್ನೂ ಸದ್ದಿಲ್ಲದೆ ಕಳೆದಿರಲಿಲ್ಲ.

ಹಾಗಾದರೆ ಹಳೆಯ ದಾರಿಗೇ ಹೋಗಲೇ, ಪ್ರತಿ ತಪ್ಪಿಗೂ ನಿಂತು ತಿದ್ದುತ್ತ? ಸೋಮವಾರದೊಳಗೆ ಮುಗಿಯುವ ಮಾತಲ್ಲ. ಏನು ಮಾಡುವುದೆಂದು ಇಬ್ಬರ ಮುಂದೆಯೂ ಗಟ್ಟಿಯಾಗಿಯೇ ಯೋಚಿಸಿದೆ. ಸೇವ್‌ಪಾಯಿಂಟ್ ಎಂದರೆ ಏನು, ಎಲ್ಲಿ ಇಟ್ಟಿದ್ದೇನೆ ಎಂದು ಗುಮಾಸ್ತರಿಗೆ ವಿವರಿಸಿದೆ. ಅವರು ಪೊಟ್ಟಣದ ದೋಸೆಯನ್ನು ಬದಿಗಿಟ್ಟು ಕೇಳಿಸಿಕೊಂಡರು. ಆಮೇಲೆ ಎದ್ದು ಕಬ್ಬಿಣದ ಬೀರುವಿನಿಂದ ಉದ್ದನೆಯ ಡಬ್ಬವೊಂದನ್ನು ತಂದು ಮೇಜಿನ ಮೇಲಿಟ್ಟರು. ಕಂಪ್ಯೂಟರ್ ಬರುವುದಕ್ಕೆ ಮುಂಚಿನಿಂದಲೂ ಅವರು ಕೈಯಲ್ಲಿ ಬರೆಯುತ್ತಿದ್ದ, ಕಂಪ್ಯೂಟರ್ ಬಂದಮೇಲೂ ಬಿಡದಿದ್ದ ಕಾರ್ಡುಗಳು.

"ನೋಡಿ, ಒಂದು ಮಗೂಗೆ ಒಂದು ಕಾರ್ಡು. ಎರಡು ಕಿವೀನೂ ಇದರಲ್ಲೇ," ಎಂದು ಒಂದನ್ನು ಎತ್ತಿ ತೋರಿಸಿದರು. "ಒಂದು ಕಿವಿ ಬರ್ದು ಇನ್ನೊಂದು ಸರಿಯಾಗಿ ಗೊತ್ತಾಗ್ನಿಲ್ಲ ಅನ್ಕಳಿ. ಕಾರ್ಡ್ನ ಡಬ್ಬಕ್ಕೆ ಹಾಕಕಿಲ್ಲ ನಾನು. ಗೊತ್ತಾಗೋಗಂಟ ಮೇಜಿನ್ ಮೇಲೇ ಬಿದ್ದಿರ್ತದೆ. ಡಬ್ಬದೊಳಗಿದ್ರೆ ಪೂರ್ತಿ ಐತೆ ಅಂತ ಅರ್ಥ. ನಿಮ್ಮದು ಎಂಗೆ? ಕಿವಿ ಎಣಿಸ್ತದೋ, ಮಕ್ಕಳ್ನ ಎಣಿಸ್ತದೋ?"

ತಜ್ಞೆ ನನ್ನ ಮುಖ ನೋಡಿದರು. ನಾನು ಗುಮಾಸ್ತರ ಮುಖ ನೋಡಿದೆ. ಅದಕ್ಕಿಂತ ಸ್ಪಷ್ಟವಾಗಿ ಆ ಪ್ರಶ್ನೆಯನ್ನು ನನ್ನ ವೃತ್ತಿಯವರು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಗುರುವಾರ ನಾಲ್ಕು ಸಾವಿರ ಮಕ್ಕಳನ್ನು ಒಂದೇ ಗಂಟು ಕಟ್ಟಿದ್ದೆ. ಶುಕ್ರವಾರ ಒಂದೊಂದು ಕಿವಿಯನ್ನೂ ಬಿಡಿ ಮಾಡಿದ್ದೆ. ಸೇವ್‌ಪಾಯಿಂಟ್ ಇರಬೇಕಾದದ್ದು ನಡುವೆ, ಪ್ರತಿ ಮಗುವಿನ ಮುಂದೆ. ಹೆಸರು, ವಿಳಾಸ, ಬಲಗಿವಿ, ಎಡಗಿವಿ ಇಷ್ಟೂ ಸೇರಿದರೆ ಮಗು ಒಳಗೆ. ಒಂದು ಸೇರದಿದ್ದರೂ ಇಡೀ ಮಗು ಹೊರಗೆ, ಕಾರಣದ ಸಮೇತ, ಎಲ್ಲರಿಗೂ ಕಾಣುವ ಹಾಗೆ.

"ಹಾಗೇ ಮಾಡ್ತೀನಿ ಸಾರ್," ಎಂದೆ.

"ಮಾಡಿ," ಎಂದು ಅವರು ದೋಸೆ ಬಿಚ್ಚಿದರು.

ಶನಿವಾರ ಕೇಂದ್ರಕ್ಕೆ ಅರ್ಧ ದಿನ. ನಾನು ಎಂಟೂವರೆಗೇ ಹೋಗಿ ಕೂತೆ. ಎರಡು ಪಟ್ಟಿಗಳನ್ನೂ ಮಗುವಿನ ಸಂಖ್ಯೆಯ ಪ್ರಕಾರ ಜೋಡಿಸಿದೆ. ಆಮೇಲೆ ಪ್ರತಿ ಮಗುವಿಗೂ ಒಂದೇ ಕ್ರಮ: ಸೇವ್‌ಪಾಯಿಂಟ್ ಇಡು, ಮಗುವನ್ನು ಸೇರಿಸು, ಕಿವಿಗಳನ್ನು ಸೇರಿಸು, ಹಳೆಯ ಪಟ್ಟಿಯಲ್ಲಿ ಇದ್ದಷ್ಟೇ ಕಿವಿ ಬಂದಿವೆಯೇ ಎಣಿಸು. ಸರಿಯಿದ್ದರೆ ಮುಂದಿನ ಮಗು. ಇಲ್ಲದಿದ್ದರೆ ಗುರುತಿಗೆ ಹಿಂದಿರುಗು. ಹೊರಗುಳಿದವರಿಗೆಂದು ಡೇಟಾಬೇಸಿನಲ್ಲೇ ಒಂದು ಟೇಬಲ್ ಮಾಡಿ, ಮಗುವಿನ ಸಂಖ್ಯೆ, ಕಾರಣ ಎರಡನ್ನೂ ಅಲ್ಲಿ ಬರೆಯುವ ಹಾಗೆ ಮಾಡಿದೆ. ಕೌಂಟರಿನಲ್ಲಿ ಆ ಸಂಖ್ಯೆ ಹುಡುಕಿದರೆ "ಕಾರ್ಡು ನೋಡಿ" ಎಂದು ಬರುತ್ತದೆ.

ಓಡಿಸಿದೆ. ನಕಲಿನೊಳಕ್ಕೆ ಮೊದಲ ಐನೂರು ಮಕ್ಕಳು ಚಕಚಕನೆ ಹೋದರು. ಸಾವಿರ ದಾಟಿದ ಮೇಲೆ ನಿಧಾನ. ಎರಡು ಸಾವಿರದ ಹೊತ್ತಿಗೆ ಪರದೆಯ ಮೇಲಿನ ಅಂಕಿ ಏಳುವುದನ್ನು ಕೂತು ನೋಡುವ ಹಾಗಾಯಿತು. ಗುಮಾಸ್ತರು ಎರಡು ಸಲ ಕಾಫಿ ತರಿಸಿದರು.

ತಪ್ಪು ನನ್ನದೇ. ಪ್ರತಿ ಮಗುವಿಗೂ ಸೇವ್‌ಪಾಯಿಂಟಿಗೆ ಒಂದೇ ಹೆಸರು ಕೊಟ್ಟಿದ್ದೆ. ಅದೇ ಹೆಸರಿನಲ್ಲಿ ಹೊಸದನ್ನು ಇಟ್ಟರೆ ಹಳೆಯದು ತಾನೇ ಹೋಗುತ್ತದೆ ಎಂಬ ಭ್ರಮೆ ನನಗೆ. ಈ ಡೇಟಾಬೇಸಿನಲ್ಲಿ ಹೋಗುವುದಿಲ್ಲ. ಹೊಸದರ ಕೆಳಗೆ ಹಳೆಯದು ಹಾಗೇ ಇರುತ್ತದೆ, ಅದರ ಕೆಳಗೆ ಇನ್ನೊಂದು. ಎರಡು ಸಾವಿರ ಗುರುತುಗಳನ್ನು ಒಂದರೊಳಗೊಂದು ನೆನಪಿಟ್ಟುಕೊಂಡು ಅದು ಏದುಸಿರು ಬಿಡುತ್ತಿತ್ತು. ಮಗುವಿನ ಕೆಲಸ ಮುಗಿದ ಮೇಲೆ ಗುರುತನ್ನು ರಿಲೀಸ್ ಮಾಡಬೇಕು, ಇನ್ನು ಇದು ಬೇಡ ಎಂದು ಹೇಳಬೇಕು. ಹಿಂದಕ್ಕೆ ಬಂದಾಗಲೂ ಗುರುತು ಉಳಿದೇ ಇರುತ್ತದೆ, ಆಗಲೂ ಹೇಳಬೇಕು. ಎರಡು ಕಡೆ ಒಂದೊಂದು ಸಾಲು ಸೇರಿಸಿದೆ. ಮುಂದಿನ ಸಲ ಎರಡನೇ ಲೋಟ ಕಾಫಿ ಆರುವ ಮೊದಲೇ ಕೆಲಸ ಮುಗಿಯಿತು.

ಮುಗಿಯಿತು ಎಂದು ಹೊರಗುಳಿದವರ ಟೇಬಲ್ ತೆರೆದರೆ ಒಂದು ಹೆಸರೂ ಇಲ್ಲ.

"ಅಂದ್ರೆ ಎಲ್ಲರೂ ಒಳಗೆ ಬಂದ್ಬುಟ್ರಾ?" ಎಂದರು ಗುಮಾಸ್ತರು ಖುಷಿಯಿಂದ.

ಎಣಿಸಿದೆ. ಒಳಗೆ ಎಂಬತ್ತೊಂದು ಮಕ್ಕಳು ಕಡಿಮೆ. ಒಳಗೂ ಇಲ್ಲ, ಹೊರಗಿನ ಪಟ್ಟಿಯಲ್ಲೂ ಇಲ್ಲ. ಹತ್ತು ನಿಮಿಷ ಪರದೆಯನ್ನು ದಿಟ್ಟಿಸಿ ಕೂತೆ. ಆಮೇಲೆ ಜೋರಾಗಿ ನಕ್ಕುಬಿಟ್ಟೆ. ಮಗು ಸೇರದಿದ್ದಾಗ ಕಾರಣವನ್ನು ಟೇಬಲ್ಲಿಗೆ ಬರೆದು, ಆಮೇಲೆ ಗುರುತಿಗೆ ಹಿಂದಿರುಗುವಂತೆ ಪ್ರೋಗ್ರಾಮ್ ಮಾಡಿದ್ದೆ. ಬಹುಪಾಲು ಮಕ್ಕಳು ನಾನು ಗುರುವಾರ ಬರೆದಿದ್ದ ತಪಾಸಣೆಯಲ್ಲೇ ಸಿಕ್ಕಿಬೀಳುತ್ತಿದ್ದರಿಂದ ಅಲ್ಲಿ ಟ್ರಾನ್ಸಾಕ್ಷನ್ ಕೆಟ್ಟಿರಲಿಲ್ಲ, ಕಾರಣ ಬರೆಯಲು ಅಡ್ಡಿಯಾಗಲಿಲ್ಲ. ಆದರೆ ಆ ಕಾರಣವೂ ಗುರುತು ಇಟ್ಟ ಮೇಲೆ ಬರೆದದ್ದೇ. ಹಿಂದಿರುಗಿದ ಕೂಡಲೇ ಮಗುವಿನ ಜೊತೆ ಅದೂ ಅಳಿಸಿಹೋಗಿತ್ತು. ಡೇಟಾಬೇಸೇ ಒಪ್ಪದ ಮಕ್ಕಳ ವಿಷಯದಲ್ಲಂತೂ ಕೆಟ್ಟ ಟ್ರಾನ್ಸಾಕ್ಷನ್ ಕಾರಣವನ್ನು ಬರೆಯಲೂ ಬಿಟ್ಟಿರಲಿಲ್ಲ. ಆ ದೂರನ್ನು ನನ್ನ ಪ್ರೋಗ್ರಾಮ್ ನುಂಗಿಕೊಂಡಿತ್ತು. ಮೊದಲು ಹಿಂದಿರುಗಬೇಕು, ಆಮೇಲೆ ಬರೆಯಬೇಕು. ಒಂದು ಸಾಲನ್ನು ಕತ್ತರಿಸಿ ಅದರ ಕೆಳಗಿನ ಸಾಲಿನ ಕೆಳಗೆ ಅಂಟಿಸಿದೆ. ಎಂಬತ್ತೊಂದು ಮಕ್ಕಳೂ ಕಾರಣ ಸಮೇತ ಕಾಣಿಸಿಕೊಂಡರು.

"ಅಷ್ಟೇನಾ?" ಎಂದರು ಗುಮಾಸ್ತರು. "ಒಂದು ಸಾಲು ಕೆಳಕ್ಕೆ ಇಟ್ಟಿದ್ದಕ್ಕೆ ನೀನು ಇಂಗೆ ನಗ್ತಿದ್ದೀಯಾ?"

ಆ ಹೊತ್ತಿಗೆ ಅವರ "ನೀವು" "ನೀನು" ಆಗಿತ್ತು. ನನಗೆ ಬಡ್ತಿ ಸಿಕ್ಕಷ್ಟು ಸಂತೋಷವಾಯಿತು.

ಎಂಬತ್ತೊಂದು ಮಕ್ಕಳಲ್ಲಿ ಒಂಬತ್ತು ಮಂದಿ ಶಿಬಿರಕ್ಕೆ ಬರುವವರು. ಶನಿವಾರ ಮಧ್ಯಾಹ್ನ ಕೇಂದ್ರ ಬಾಗಿಲು ಹಾಕಿದ ಮೇಲೂ ನಾವಿಬ್ಬರು ಕೂತೆವು. ನಾನು ಸಂಖ್ಯೆ ಓದುವುದು, ಅವರು ಕಾರ್ಡು ಎತ್ತುವುದು. ಅವರ ಬೆರಳು ಡಬ್ಬದಲ್ಲಿ ಹೋಗಿ ನಿಲ್ಲುವ ವೇಗಕ್ಕೆ ನನ್ನ ಹುಡುಕುವ ಪ್ರೋಗ್ರಾಮ್ ನಾಚಬೇಕಿತ್ತು. ಹೆಚ್ಚಿನವು ಬೆರಳಚ್ಚಿನ ತಪ್ಪುಗಳು, ಕಾರ್ಡಿನಲ್ಲಿ ಸರಿಯಾಗಿದ್ದವು. ಯುಗಾದಿ ಮಾರನೇ ದಿನ ಹುಟ್ಟಿದ ಮಗುವಿನ ತಾರೀಖನ್ನು ಅವರು ಹಳೆಯ ಕ್ಯಾಲೆಂಡರ್ ಕಟ್ಟಿನಲ್ಲಿ ಹುಡುಕಿಟ್ಟಿದ್ದು ಕೂಡ ಕಾರ್ಡಿನಲ್ಲಿತ್ತು.

ತಜ್ಞೆ ಹಿಡಿದ ಆ ಹುಡುಗಿಯ ಸರದಿ ಬಂತು. ಕಾರಣದ ಕಾಲಮ್ಮಿನಲ್ಲಿ ಹೀಗಿತ್ತು: ಈ ಸಂಖ್ಯೆಯ ಯಂತ್ರ ಈಗಾಗಲೇ ಬೇರೊಂದು ಮಗುವಿನ ಹೆಸರಿನಲ್ಲಿದೆ.

"ಸಂಖ್ಯೆ ಬರೆಯೋವಾಗ ಯಾರೋ ತಪ್ಪು ಮಾಡಿರಬೇಕು ಸಾರ್," ಎಂದೆ. "ಒಂದು ಯಂತ್ರ ಇಬ್ಬರ ಕಿವೀಲಿ ಇರೋಕಾಗುತ್ತಾ?"

ಗುಮಾಸ್ತರು ಎರಡೂ ಕಾರ್ಡು ಎತ್ತಿ ಪಕ್ಕಪಕ್ಕ ಇಟ್ಟರು. ಎರಡರಲ್ಲೂ ಸಂಖ್ಯೆ ಅದೇ. ವಿಳಾಸವೂ ಅದೇ. ಇನ್ನೊಂದು ಮಗು ಹುಡುಗ, ಇವಳಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು. ಅವರು ಕಾರ್ಡಿನಲ್ಲಿದ್ದ ನಂಬರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ಹುಡುಗಿಯ ತಾಯಿ ಎತ್ತಿದರು.

"ಹೂಂ ಸಾರ್, ಅದು ಅವಳ ಅಣ್ಣಂದೇ," ಎಂದಿತು ಆ ದನಿ. "ಅವನಿಗೆ ಬೇರೆ ಹೊಸದು ಕೊಟ್ರಲ್ಲ ನೀವು, ಇನ್ನೂ ಜೋರಾಗಿರೋದು. ಹಳೇದು ಚೆನ್ನಾಗೇ ಇತ್ತಲ್ಲ ಅಂತ ಇವಳಿಗೆ ಹಾಕ್ಕೊಟ್ರಿ. ಮರೆತ್ಬುಟ್ರಾ? ಯಾಕ್ಸಾರ್, ವಾಪಸ್ ಕೊಡ್ಬೇಕಾ?"

ಕೊನೆಯ ಮಾತಿನಲ್ಲಿ ಗಾಬರಿಯಿತ್ತು. ಗುಮಾಸ್ತರು ಅವಸರದಿಂದ, "ಇಲ್ಲ ಕಣವ್ವ, ಯಾರೂ ಕೇಳ್ತಿಲ್ಲ. ಸೋಮವಾರ ಇಬ್ಬರ್ನೂ ಕರ್ಕೊಂಡು ಬಾ," ಎಂದು ಸಮಾಧಾನ ಹೇಳಿ ಫೋನ್ ಇಟ್ಟರು. ಹುಡುಗನ ಕಾರ್ಡನ್ನು ತಿರುಗಿಸಿ ತೋರಿಸಿದರು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಅವರದೇ ಗುಂಡನೆಯ ಅಕ್ಷರ: ಯಂತ್ರ ತಂಗಿಗೆ.

ತಪ್ಪು ಯಾರೂ ಮಾಡಿರಲಿಲ್ಲ. ಒಂದು ಯಂತ್ರ ಒಬ್ಬರ ಹೆಸರಿನಲ್ಲಿ ಮಾತ್ರ, ಯಾವತ್ತಿಗೂ, ಎಂಬ ನಿಯಮವನ್ನು ಡೇಟಾಬೇಸಿಗೆ ಕೊಟ್ಟವಳು ನಾನು. ಯಾರನ್ನೂ ಕೇಳದೆ, ಅದು ಕೇಳಬೇಕಾದ ವಿಷಯವೇ ಅಲ್ಲವೆಂದುಕೊಂಡು ಬರೆದಿದ್ದೆ. ಅಣ್ಣನ ಯಂತ್ರ ಹಾಕಿಕೊಂಡಿದ್ದಕ್ಕೆ ತಂಗಿಯನ್ನು ಬಾಗಿಲಲ್ಲೇ ತಡೆದದ್ದು ಆ ನಿಯಮ. ನಿಯಮ ತಿದ್ದಿದೆ. ಯಾವ ಯಂತ್ರ ಯಾರ ಬಳಿ ಯಾವ ದಿನದಿಂದ ಯಾವ ದಿನದವರೆಗೆ ಎಂದು ಬರೆಯಲು ಜಾಗ ಮಾಡಿ, ಒಂದೇ ಸಮಯದಲ್ಲಿ ಇಬ್ಬರ ಬಳಿ ಇರಕೂಡದು ಎಂದಷ್ಟೇ ಉಳಿಸಿದೆ. ಹುಡುಕಿದರೆ ಪಟ್ಟಿಯಲ್ಲಿ ಇನ್ನೂ ಹನ್ನೊಂದು ಮಕ್ಕಳು ಇದೇ ಕಾರಣಕ್ಕೆ ನಿಂತಿದ್ದರು. ಅಕ್ಕನದು ತಮ್ಮನಿಗೆ, ಒಬ್ಬರು ವಾಪಸ್ಸು ಕೊಟ್ಟದ್ದು ಇನ್ನೊಬ್ಬರಿಗೆ. ಎಲ್ಲರದ್ದೂ ಕಾರ್ಡಿನ ಹಿಂಬದಿ ಪೆನ್ಸಿಲಿನಲ್ಲಿ ಇತ್ತು.

ಭಾನುವಾರ ಬೆಳಗ್ಗೆ ಮೂವರೂ ಸೇರಿದೆವು. ಕೌಂಟರ್ ಮುಚ್ಚಿದ್ದರಿಂದ ನಿಜವಾದ ಡೇಟಾಬೇಸನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಉಳಿದ ಕಾರ್ಡುಗಳನ್ನು ನೋಡಿ ಮುಗಿಸುವಾಗ ಊಟದ ಹೊತ್ತು. ಆರು ಮಕ್ಕಳ ವಿಷಯ ಮಾತ್ರ ಬಗೆಹರಿಯಲಿಲ್ಲ. ಕಾರ್ಡಿನಲ್ಲೂ ಅನುಮಾನ, ಫೋನೂ ಸಿಗಲಿಲ್ಲ. ಅವರಲ್ಲಿ ಇಬ್ಬರು ಶಿಬಿರಕ್ಕೆ ಬರುವವರು. "ಅವರಿಬ್ಬರ್ದೂ ಬೆಳಗ್ಗೆ ನಾನೇ ಮತ್ತೆ ಪರೀಕ್ಷೆ ಮಾಡ್ತೀನಿ, ಚೀಟಿ ಕೈಯಲ್ಲಿ ಬರೆದ್ರಾಯ್ತು," ಎಂದರು ತಜ್ಞೆ. ಹೊರಗುಳಿದವರು ಯಾರೆಂದು ಗೊತ್ತಿದ್ದರಿಂದ ಅದು ಸಮಸ್ಯೆಯೇ ಆಗಲಿಲ್ಲ.

ಎರಡು ಗಂಟೆಗೆ ನಿಜವಾದ ಡೇಟಾಬೇಸಿನ ಮೇಲೆ ಪ್ರೋಗ್ರಾಮ್ ಓಡಿಸಿದೆ. ಮುಗಿಯಿತು. ಇನ್ನೂ ಕಮಿಟ್ ಆಗಿರಲಿಲ್ಲ. ಒಳಗೆ ಬಂದವರ ಸಂಖ್ಯೆಗೆ ಹೊರಗುಳಿದ ಆರನ್ನು ಕೂಡಿಸಿದರೆ ಹಳೆಯ ಪಟ್ಟಿಯ ಸಂಖ್ಯೆ ಸರಿಯಾಗಿ ಬಂತು. ಕಿವಿಗಳ ಎಣಿಕೆಯೂ ತಾಳೆಯಾಯಿತು.

"ಸಾರ್, ನೀವೇ ಒತ್ತಿ," ಎಂದೆ.

"ಬ್ಯಾಡಪ್ಪ," ಎಂದು ಗುಮಾಸ್ತರು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. "ನಾ ಒತ್ತಿ ಏನಾರ ಆದ್ರೆ ನೀನು ಸೋಮವಾರಾನೂ ಇಲ್ಲೇ ಇರ್ತೀಯ."

ತಜ್ಞೆ ನಕ್ಕು, ಕೈ ಚಾಚಿ ಎಂಟರ್ ಒತ್ತಿಬಿಟ್ಟರು. ಕಮಿಟ್ ಎಂಬ ಒಂದು ಪದ ಪರದೆಯ ಮೇಲೆ ಬಂತು, ಅಷ್ಟೇ. ಚೀಟಿಗಳನ್ನು ಅಚ್ಚು ಹಾಕಲು ಶುರುಮಾಡಿದೆವು. ಐವತ್ತೆಂಟನ್ನೂ ಅವರು ಒಂದೊಂದಾಗಿ ನೋಡಿದರು. ಈ ಸಲ ಎಲ್ಲೂ ನಿಲ್ಲಲಿಲ್ಲ.

ಸೋಮವಾರ ನನಗೆ ಅಲ್ಲಿ ಕೆಲಸವಿರಲಿಲ್ಲ. ಆದರೂ ಹೋದೆ. ಕೇಂದ್ರದ ಜಗುಲಿಯ ತುಂಬ ಮಕ್ಕಳು, ಅಮ್ಮಂದಿರು, ತಿಂಡಿಯ ಚೀಲಗಳು. ಹನ್ನೊಂದರ ಹೊತ್ತಿಗೆ ಆ ಹುಡುಗಿ ಬಂದಳು. ಜೊತೆಗೆ ತಾಯಿ, ಜೊತೆಗೆ ಅಣ್ಣ. ಅವನ ಕೈಯಲ್ಲಿ ಬಾಳೆಕಾಯಿ ಚಿಪ್ಸಿನ ಪೊಟ್ಟಣ. ತಂತ್ರಜ್ಞರು ಚೀಟಿ ನೋಡಿ, ಮೊದಲು ಬಲಗಿವಿಯ ಯಂತ್ರ, ಆಮೇಲೆ ಎಡಗಿವಿಯದನ್ನು ತಮ್ಮ ಲ್ಯಾಪ್‌ಟಾಪಿಗೆ ಸಿಕ್ಕಿಸಿ ತಿದ್ದಿದರು. ಮತ್ತೆ ಕಿವಿಗೆ ಹಾಕಿದರು.

ಶ್ರವಣ ತಜ್ಞೆ ಹುಡುಗಿಯನ್ನು ಕುರ್ಚಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂರಿಸಿದರು. "ನಾನು ಹಿಂದಿನಿಂದ ಸದ್ದು ಮಾಡ್ತೀನಿ ಪುಟ್ಟಿ. ಎಲ್ಲಿಂದ ಕೇಳ್ತು ಅಂತ ಕೈ ತೋರಿಸ್ಬೇಕು, ತಿರುಗಿ ನೋಡ್ಬಾರ್ದು," ಎಂದು ಹೇಳಿ ಗಂಟೆ ತೆಗೆದುಕೊಳ್ಳಲು ಮೇಜಿನ ಕಡೆ ಹೋದರು.

ಗಂಟೆ ಅವರ ಕೈಗೆ ಸಿಗುವ ಮೊದಲೇ ಹುಡುಗಿ ಎಡಗೈ ಎತ್ತಿದಳು.

"ನಾನಿನ್ನೂ ಬಾರಿಸಿಲ್ವಲ್ಲ," ಎಂದರು ತಜ್ಞೆ.

"ಅಣ್ಣ ಒಬ್ಬನೇ ತಿಂತಾವ್ನೆ," ಎಂದಳು ಅವಳು ಗೋಡೆಯ ಕಡೆಗೇ ಮುಖ ಇಟ್ಟುಕೊಂಡು.

ಅವಳ ಎಡಗಡೆ, ನಾಲ್ಕು ಹೆಜ್ಜೆ ಹಿಂದೆ, ಅಣ್ಣ ತುಂಬಿದ ಬಾಯಿಯನ್ನು ಅಲ್ಲಾಡಿಸದೆ ನಿಂತುಬಿಟ್ಟಿದ್ದ. ಹುಡುಗಿ ಎತ್ತಿದ ಕೈಯನ್ನು ಕೆಳಗಿಳಿಸಲಿಲ್ಲ. ಅಂಗೈ ಮೇಲಕ್ಕೆ ಮಾಡಿ ಅವನ ಕಡೆ ಚಾಚಿದಳು. ಅವನು ಬಂದು ಎರಡು ಚಿಪ್ಸ್ ಇಟ್ಟ. ಕೈ ಅಲ್ಲೇ ಇತ್ತು. ಇನ್ನೂ ಎರಡು ಇಟ್ಟ.